ಹೋಮ್ ಥಿಯೇಟರ್ ರಿಪೇರಿ: ಕೆಲಸ ಪಕ್ಕಾ, ಟೈಮ್ ಮಾತ್ರ ಕೇಳಬೇಡಿ

ಬಳ್ಳಾರಿಯಲ್ಲಿ ಟಿವಿ, ಫ್ರಿಜ್ ರಿಪೇರಿ ಮಾಡೋರಿಗೆ ಬರ ಇಲ್ಲ. ಪ್ರೊಜೆಕ್ಟರ್, ಎವಿ ರಿಸೀವರ್ (ಸೌಂಡ್ ಸ್ಪೀಕರಿಗೆ, ಚಿತ್ರ ಪ್ರೊಜೆಕ್ಟರಿಗೆ ಕಳಿಸೋ ಡಬ್ಬ) ಅಂದ ಕೂಡಲೇ ಮಾತ್ರ "ಬೆಂಗಳೂರಿಗೆ ಕಳಿಸಬೇಕು ಸಾರ್" ಅಂತ ಕೈ ತೊಳೆದುಕೊಳ್ಳುತ್ತಾರೆ. ಕೌಲ್ ಬಜಾರ್ ಕಡೆಯ ಈ ಸಣ್ಣ ಅಂಗಡಿಯವರು ಹಾಗಲ್ಲ. ಮನೆಗೇ ಬರ್ತಾರೆ, ಮೊದಲು ಚೆಕ್ ಮಾಡ್ತಾರೆ, ಆಮೇಲೆ ದುಡ್ಡಿನ ಮಾತು.

ನಮ್ಮ ಮನೆಯ ತೊಂದರೆ ಇದು. ಮಹಡಿ ರೂಮಿನಲ್ಲಿ ಫೋರ್‌ಕೆ ಪ್ರೊಜೆಕ್ಟರ್ ಸೀಲಿಂಗಿಗೆ ನೇತು ಹಾಕಿದೆ, ರಿಸೀವರ್ ಮತ್ತು ಸ್ಟ್ರೀಮಿಂಗ್ ಬಾಕ್ಸ್ ಎದುರು ಗೋಡೆಯ ಕೆಳಗಿವೆ. ಸಿನಿಮಾ ಜೋರಾಗಿ ನಡೀತಿರುವಾಗಲೇ ಪರದೆ ಕಪ್ಪಾಗುವುದು, ಎರಡು ಮೂರು ಸೆಕೆಂಡಿಗೆ ಮತ್ತೆ ಬರುವುದು. ಕತ್ತಲೆ ಸೀನ್ ಬಂದರೆ ಸಕ್ಕರೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಸೌಂಡ್ ಮಾತ್ರ ಬಹಳ ಸಲ ತನ್ನ ಪಾಡಿಗೆ ನಡೀತಾನೇ ಇರೋದು. ಸಿಸ್ಟಮ್ ಹಾಕಿಕೊಟ್ಟಿದ್ದ ಬೇರೆಯವರಿಗೆ ಫೋನ್ ಮಾಡಿದರೆ, ಬಂದು ನೋಡುವ ಮೊದಲೇ "ರಿಸೀವರ್ ಬೋರ್ಡ್ ಹೋಗೈತೆ, ಹೊಸದು ತಗೊಳ್ಳಿ" ಅಂದರು. ಹೊಸ ರಿಸೀವರ್ ರೇಟ್ ಗೊತ್ತಲ್ವಾ? ಒಳ್ಳೆ ಸೆಕೆಂಡ್ ಹ್ಯಾಂಡ್ ಬೈಕೇ ಬರುತ್ತೆ.

ಈ ಅಂಗಡಿಯಿಂದ ಬಂದ ಹುಡುಗ ಮೊದಲು ಕೇಳಿದ್ದೇ ಸೌಂಡ್ ಬಗ್ಗೆ. "ಚಿತ್ರ ಹೋದಾಗ ಸೌಂಡ್ ಬರ್ತೈತಾ ಸಾರ್?" ಬರುತ್ತೆ ಅಂದೆ. ಹಾಗಾದ್ರೆ ಬಾಕ್ಸಿನಿಂದ ರಿಸೀವರ್‌ವರೆಗೆ ಎಲ್ಲ ಸರಿ ಇರಬೇಕು, ಅದರಿಂದ ಮುಂದೆ ಎಲ್ಲೋ ತೊಂದರೆ ಅಂದ. ರಿಮೋಟ್ ತಗೊಂಡು ಬಾಕ್ಸಿನ ಔಟ್‌ಪುಟ್ಟನ್ನು ಫೋರ್‌ಕೆ 60 ಹರ್ಟ್ಸ್‌ನಿಂದ (ಸೆಕೆಂಡಿಗೆ 60 ಚಿತ್ರ) 1080ಪಿಗೆ, ಅಂದ್ರೆ ಕಡಿಮೆ ಡೇಟಾ ಸಾಕಾಗೋ ಸಾದಾ ಎಚ್‌ಡಿಗೆ ಇಳಿಸಿದ. ಚುಕ್ಕೆ ಮಾಯ, ಕಪ್ಪಾಗುವುದೂ ಇಲ್ಲ. ಸುಮ್ನೆ ಕೂತು ಒಂದಷ್ಟು ಹೊತ್ತು ನೋಡಿದೆವು, ಏನೂ ಆಗಲಿಲ್ಲ. ಆಮೇಲೆ ರಿಸೀವರನ್ನೇ ಎತ್ತಿ ಪ್ರೊಜೆಕ್ಟರ್ ಕೆಳಗೆ ಸ್ಟೂಲ್ ಮೇಲೆ ಇಟ್ಟು, ತನ್ನ ಬ್ಯಾಗಿನಲ್ಲಿದ್ದ ಗಿಡ್ಡ ಕೇಬಲ್ ಹಾಕಿ ಮತ್ತೆ ಫೋರ್‌ಕೆಗೆ ಏರಿಸಿದ. ಚಿತ್ರ ಕದಲಲಿಲ್ಲ. ರಿಸೀವರ್‌ಗೆ ಏನೂ ಆಗಿಲ್ಲ, ಪ್ರೊಜೆಕ್ಟರಿಗೂ ಏನೂ ಆಗಿಲ್ಲ. ಕಳ್ಳ ಅಂದ್ರೆ ರಿಸೀವರಿನಿಂದ ಪ್ರೊಜೆಕ್ಟರಿಗೆ ಚಿತ್ರ ಒಯ್ಯೋ, ಗೋಡೆಯೊಳಗಿನ 15 ಮೀಟರ್ ಎಚ್‌ಡಿಎಂಐ ಕೇಬಲ್.

ಫೋರ್‌ಕೆ 60 ಹರ್ಟ್ಸ್, ಎಚ್‌ಡಿಆರ್ (ಕತ್ತಲೆ-ಬೆಳಕು ಎದ್ದು ಕಾಣೋ ಚಿತ್ರ) ಜೊತೆ ಬೇಕು ಅಂದ್ರೆ ಕೇಬಲ್ ಸೆಕೆಂಡಿಗೆ 18 ಗಿಗಾಬಿಟ್ ಡೇಟಾ ಸಾಗಿಸಬೇಕು. ಎಚ್‌ಡಿಎಂಐ 1.4 ಅನ್ನೋ ಹಳೇ ಮಾದರಿ ಕಾಲದ ಲೆಕ್ಕ 10.2 ಗಿಗಾಬಿಟ್ ಮಾತ್ರ. ಅದರ ಮೇಲೆ ಸಾದಾ ತಾಮ್ರದ ಕೇಬಲ್ ಉದ್ದ ಆದಷ್ಟೂ ಸಿಗ್ನಲ್ ಸೊರಗುತ್ತೆ, ಐದಾರು ಮೀಟರ್ ದಾಟಿದರೆ ನಂಬೋ ಹಾಗಿಲ್ಲ. ಕೇಬಲ್ ಡಬ್ಬದ ಮೇಲೆ ಫೋರ್‌ಕೆ ಅಂತ ದೊಡ್ಡದಾಗಿ ಬರೆದಿದ್ದಕ್ಕೆ ಏನೂ ಅರ್ಥ ಇಲ್ಲ, 30 ಹರ್ಟ್ಸ್‌ನಲ್ಲಿ ಓಡಿದರೂ ಅದು ಫೋರ್‌ಕೆನೇ ಅಲ್ವಾ.

ಅದಕ್ಕೆ ತಾಮ್ರದ ಬದಲು ಬೆಳಕಿನಲ್ಲಿ ಸಿಗ್ನಲ್ ಒಯ್ಯೋ ಆಪ್ಟಿಕಲ್ ಫೈಬರ್ ಎಚ್‌ಡಿಎಂಐ ಕೇಬಲ್ ಹಾಕಿದರು. ಇದರಲ್ಲಿ ಒಂದು ಸೂಕ್ಷ್ಮ ಇದೆ: ಎರಡು ತುದಿಯೂ ಒಂದೇ ಅಲ್ಲ. ಸೋರ್ಸ್ ಅಂತ ಬರೆದಿರೋದು ರಿಸೀವರ್ ಕಡೆಗೆ, ಡಿಸ್‌ಪ್ಲೇ ಅಂತ ಇರೋದು ಪ್ರೊಜೆಕ್ಟರ್ ಕಡೆಗೆ. ತಿರುಗಿಸಿ ಹಾಕಿದರೆ ಏನೂ ಬರಲ್ಲ. ಗೋಡೆಗೆ ಫಿಕ್ಸ್ ಮಾಡುವ ಮೊದಲು ನೆಲದ ಮೇಲೆ ಹಾಸಿ ಟೆಸ್ಟ್ ಮಾಡಿದ್ದು ನನಗೆ ಇಷ್ಟ ಆಯ್ತು.

ಇನ್ನು ಕರೆಂಟ್ ಹೋಗಿ ಬಂದಾಗ "ನೋ ಸಿಗ್ನಲ್" ಅಂತ ಬರುವ ಗೋಳು. ಬೇಸಿಗೆಯಲ್ಲಿ ನಮ್ಮ ಕಡೆ ಅದೇನು ಹೊಸದಲ್ಲ. ಎಲ್ಲ ಡಬ್ಬಗಳೂ ಒಟ್ಟಿಗೆ ಎದ್ದಾಗ ಯಾವ ರೆಸೊಲ್ಯೂಷನ್, ಕಾಪಿ ಪ್ರೊಟೆಕ್ಷನ್ (ಸಿನಿಮಾ ನಕಲು ಮಾಡದ ಹಾಗೆ ಇರೋ ಬೀಗ) ಸರಿ ಇದೆಯಾ ಅಂತ ಒಂದಕ್ಕೊಂದು ಮಾತಾಡಿಕೊಳ್ಳೋದು ಕೆಲವು ಸಲ ತಪ್ಪಿಹೋಗುತ್ತಂತೆ. ಮೊದಲು ಪ್ರೊಜೆಕ್ಟರ್, ಆಮೇಲೆ ರಿಸೀವರ್, ಕೊನೆಗೆ ಬಾಕ್ಸ್ ಆನ್ ಮಾಡಿ ಅಂದ. ಅವತ್ತಿನಿಂದ ಹಾಗೇ ಮಾಡ್ತಿದ್ದೇವೆ, ತಕರಾರಿಲ್ಲ. ಹೋಗುವಾಗ ಪ್ರೊಜೆಕ್ಟರ್ ಫಿಲ್ಟರನ್ನೂ ಬಿಚ್ಚಿ ತೋರಿಸಿದ, ಕೆಂಪು ಧೂಳು ಪದರ ಕಟ್ಟಿತ್ತು. ಬಳ್ಳಾರಿ ಧೂಳು ಸಾರ್, ಎಲ್ಲಿಗೆ ಹೋಗುತ್ತೆ!

ಈಗ ದೂರು. ಬೆಳಿಗ್ಗೆ ಹನ್ನೊಂದಕ್ಕೆ ಅಂದವರು ಬಂದಿದ್ದು ಸಂಜೆ, ಅದೂ ನಾನು ಮತ್ತೆ ಮತ್ತೆ ಫೋನ್ ಮಾಡಿದ ಮೇಲೆ. ಇನ್ನೊಂದು, ಮನೆ ಕಟ್ಟುವಾಗ ಹಾಕಿಸಿದ್ದ ಮುಕ್ಕಾಲು ಇಂಚಿನ ಪೈಪಿನ ತಿರುವಿನಲ್ಲಿ ಹೊಸ ಕೇಬಲ್ಲಿನ ತಲೆ ತೂರಲಿಲ್ಲ. ಹಾಗಾಗಿ ಗೋಡೆ ಮೇಲೆ ಬಿಳಿ ಪಿವಿಸಿ ಪಟ್ಟಿ ಹೊಡೆದು ಅದರೊಳಗೆ ಎಳೆದರು. ಗೋಡೆ ಬಣ್ಣ ಕಡು ಬೂದಿ, ಪಟ್ಟಿ ಹಾಲು ಬಿಳಿ. ನಮ್ಮಾಕೆ ಇನ್ನೂ ಅದನ್ನೇ ನೋಡ್ತಾಳೆ, ಸಿನಿಮಾ ಅಲ್ಲ. ತಲೆ ಬಿಚ್ಚಿ ಹಾಕೋ ತರದ ಫೈಬರ್ ಕೇಬಲ್ಲೂ ಸಿಗುತ್ತೆ ಅಂತ ಆಮೇಲೆ ತಿಳೀತು. ಅದನ್ನ ಅವರೇ ಮೊದಲು ಹೇಳಬೇಕಿತ್ತು. ಬಿಲ್ಲನ್ನೂ ಕೇಳಿಯೇ ತಗೋಬೇಕು.

ಆದ್ರೂ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ರಿಸೀವರ್ ಮಾರೋಕೆ ಅವರಿಗೆ ಒಳ್ಳೆ ಅವಕಾಶ ಇತ್ತು, ಮಾರಲಿಲ್ಲ. ವಿಸಿಟಿಂಗ್ ಚಾರ್ಜ್ ಬೇರೆ, ಕೇಬಲ್ ರೇಟ್ ಬೇರೆ ಅಂತ ಫೋನಿನಲ್ಲೇ ಹೇಳಿಸಿಕೊಳ್ಳಿ. ನಿಮ್ಮ ರಿಸೀವರಿನಿಂದ ಪ್ರೊಜೆಕ್ಟರಿಗೆ ಎಷ್ಟು ಮೀಟರ್, ಪೈಪ್ ಎಷ್ಟು ಅಗಲ ಅಂತ ಟೇಪ್ ಹಿಡಿದು ಅಳೆದು ಮೊದಲೇ ತಿಳಿಸಿ. ಭಾನುವಾರ ಅಂಗಡಿ ತೆಗೆಯಲ್ಲ.