ಹೆರಿಗೆ ರಜೆ ಕೇಳಿದರೆ ರಾಜೀನಾಮೆ ಕಾಗದ ಕೊಡುತ್ತಾರೆ, ಸಹಿ ಹಾಕಬೇಡಿ

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಬಟ್ಟೆ ಅಂಗಡಿ, ಲ್ಯಾಬು, ಸಣ್ಣಪುಟ್ಟ ಆಫೀಸುಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಇದನ್ನು ಪೂರ್ತಿ ಓದಿ. ಬಸುರಿಯಾಗಿದ್ದರೆ ಇವತ್ತೇ ಓದಿ.

ನಾನು ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕಿದ್ದೆ. ಏಳನೇ ತಿಂಗಳಲ್ಲಿ ರಜೆಯ ಮಾತೆತ್ತಿದಾಗ ಮಾಲಕರು ನಗುತ್ತಲೇ, "ಅದಕ್ಕೇನಮ್ಮಾ, ಆರಾಮವಾಗಿ ಹೋಗಿ ಬಾ, ನಿನ್ನ ಕೆಲಸ ಇಲ್ಲೇ ಇರುತ್ತದೆ" ಎಂದರು. ಮರುದಿನ ಮ್ಯಾನೇಜರು ಒಂದು ಕಾಗದ ತಂದು ಕೌಂಟರಿನ ಮೇಲಿಟ್ಟರು. "ರಜೆಯ ಅರ್ಜಿ, ಇಲ್ಲೊಂದು ಸಹಿ ಹಾಕಿ" ಎಂದು ಪೆನ್ನನ್ನೂ ಕೊಟ್ಟರು. ಪೂರ್ತಿ ಮಲಯಾಳಂ. ಕೆಳಗೆ ನನ್ನ ಹೆಸರು ಟೈಪಾಗಿತ್ತು, ತಾರೀಕಿನ ಜಾಗ ಖಾಲಿ. ನಾನು ಓದಿದ್ದು ಕನ್ನಡ ಮೀಡಿಯಂ. ಮಲಯಾಳಂ ಮಾತಾಡುತ್ತೇನೆ, ಓದಲು ಬರುವುದಿಲ್ಲ. ಪಕ್ಕದ ಕೌಂಟರಿನ ಗೆಳತಿಯನ್ನು ಕರೆದು ಓದಿಸಿದೆ. ಸ್ವಂತ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ, ಬರಬೇಕಾದ ಹಣವೆಲ್ಲ ಬಂದಿದೆ, ಮುಂದೆ ಯಾವ ತಕರಾರೂ ಇಲ್ಲ ಎಂದು ಬರೆದಿತ್ತು. ರಜೆ ಎಂಬ ಮಾತೇ ಇರಲಿಲ್ಲ.

ನಾನು ಸಹಿ ಹಾಕಲಿಲ್ಲ. ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡೆ. ಅವತ್ತಿನಿಂದ ಕೌಂಟರಿನ ಹಿಂದಿದ್ದ ಸ್ಟೂಲು ಮಾಯ. ತುಂಬಿದ ಹೊಟ್ಟೆ ಹೊತ್ತು ಇಡೀ ದಿನ ನಿಂತೇ ಸೀರೆ ಬಿಡಿಸಿ ತೋರಿಸಬೇಕು. ಅಂಗಡಿಯವರು ಕೆಲಸದವರಿಗೆ ಕೂರಲು ಜಾಗ ಕೊಡಲೇಬೇಕು ಎಂದು ಕೇರಳದಲ್ಲಿ 2018ರಲ್ಲೇ ಕಾನೂನು ತಿದ್ದಿದ್ದಾರೆ. ಬಟ್ಟೆ ಅಂಗಡಿಯ ಹೆಂಗಸರೇ ಹೋರಾಡಿ ಪಡೆದ ಹಕ್ಕು ಅದು. ಕೆಲವು ದಿನ ಕಳೆದು ಫೋನ್ ಬಂತು: "ಬೇರೆಯವರನ್ನು ತೆಗೆದುಕೊಂಡಿದ್ದೇವೆ, ನಾಳೆಯಿಂದ ಬರುವುದು ಬೇಡ."

ಕಾನೂನು ಏನು ಹೇಳುತ್ತದೆ ಗೊತ್ತಾ? ಹತ್ತು ಅಥವಾ ಜಾಸ್ತಿ ಜನ ಇರುವ ಅಂಗಡಿಯಲ್ಲಿ, ಹೆರಿಗೆ ತಾರೀಕಿಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ಸಮೇತ ರಜೆ. ಹೆರಿಗೆಗೆ ಮೊದಲಿನ ಹಣ ಮುಂಗಡವಾಗಿಯೇ ಬರಬೇಕು, ಉಳಿದದ್ದು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ. ಬಸುರಿ, ಬಾಣಂತಿ ಎಂದು ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವುದೇ ಕಾನೂನಿಗೆ ವಿರುದ್ಧ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಈ ನಿಯಮಗಳು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಎಂಬ ಹೊಸ ಕಾನೂನಿನೊಳಗೆ ಬಂದಿವೆ. "ಆ ಕಾಯ್ದೆ ಈಗ ಇಲ್ಲ, ಹಾಗಾಗಿ ರಜೆಯೂ ಇಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಅವರು ಆಟ ಆಡುವುದು ಆ ಹತ್ತರ ಲೆಕ್ಕದಲ್ಲಿ. ನಾನು ದೂರು ಕೊಟ್ಟ ಮೇಲೆ ಲೇಬರ್ ಆಫೀಸಿನಲ್ಲಿ ನಮ್ಮ ಮಾಲಕರು ತೋರಿಸಿದ ರಿಜಿಸ್ಟರಿನಲ್ಲಿ ಎಂಟೇ ಹೆಸರು. ಮೇಲಿನ ಮಹಡಿಯಲ್ಲಿ ಹೊಲಿಯುವವರು ಇಲ್ಲ, ಗೋಡೌನಿನ ಹುಡುಗರು ಇಲ್ಲ, ಗುಡಿಸಿ ಒರೆಸುವ ಅಕ್ಕ ಇಲ್ಲ. ಹಾಗಾಗಿಯೇ ನಮಗೆ ಯಾರಿಗೂ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡೂ ಇರಲಿಲ್ಲ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ ಇದ್ದರೆ ಹೆರಿಗೆಯ ಹಣ ಅಲ್ಲಿಂದಲೇ ಬರುತ್ತದೆ, ಮಾಲಕರ ಕೈಯಿಂದ ಹೋಗುವುದಿಲ್ಲ. ಆ ಸಣ್ಣ ವಂತಿಗೆ ಉಳಿಸಲು ಹೆಸರು ಮುಚ್ಚಿಟ್ಟಿದ್ದರು ಅಂದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನನ್ನನ್ನು ಉಳಿಸಿದ್ದು ಅಂಗಡಿಯ ವಾಟ್ಸಾಪ್ ಗ್ರೂಪು. ಪ್ರತಿ ವಾರ ಡ್ಯೂಟಿ ಪಟ್ಟಿ ಅದರಲ್ಲೇ ಬರುತ್ತಿತ್ತು, ಎಲ್ಲರ ಹೆಸರಿನ ಜೊತೆ. ಓಣಂ ಸಮಯದ ಗ್ರೂಪ್ ಫೋಟೋ, ಸಂಬಳ ಬಂದ ಪಾಸ್‌ಬುಕ್ಕಿನ ಪುಟ, ಸಹಿ ಹಾಕದ ಆ ಕಾಗದದ ಫೋಟೋ, ಎಲ್ಲವನ್ನೂ ಇಟ್ಟೆ. ನಿಮ್ಮ ಮೊಬೈಲಿನಲ್ಲಿ ಇಂಥದ್ದು ಇದ್ದರೆ ಗ್ರೂಪಿನಿಂದ ತೆಗೆದುಹಾಕುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ.

ದೂರನ್ನು ಕನ್ನಡದಲ್ಲೇ ಬರೆದೆ. ನೀವೂ ಕನ್ನಡದಲ್ಲೇ ಬರೆಯಿರಿ, ಹಿಂಜರಿಯಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ನಮ್ಮ ಜಿಲ್ಲೆಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಕೇಳಬಹುದು. ಸ್ವೀಕೃತಿಯ ಸೀಲು ಹಾಕಿಸಿದ ಪ್ರತಿ ಮಾತ್ರ ನಿಮ್ಮ ಕೈಯಲ್ಲಿರಲಿ.

ಹಣ ಕೊನೆಗೂ ಬಂತು, ಆದರೆ ಮಗು ಕವುಚಿ ಬೀಳುವ ಹೊತ್ತಿಗೆ. ಆಸ್ಪತ್ರೆ ಖರ್ಚಿಗೆ ಅಮ್ಮನ ಬಳೆ ಅಡವಿಟ್ಟಾಗಿತ್ತು. ಕೆಲಸದ ವಿಷಯ ಇನ್ನೂ ತೀರ್ಮಾನ ಆಗಿಲ್ಲ.

ನಿಮ್ಮ ಅಂಗಡಿಯಲ್ಲಿ ನಿಜವಾಗಿಯೂ ನಾಲ್ಕೈದೇ ಜನ ಇದ್ದರೆ 26 ವಾರದ ನಿಯಮ ಬರುವುದಿಲ್ಲ, ಅದು ನಿಜ. ಹಾಗಂತ ಒಂದೇ ಫೋನಿನಲ್ಲಿ ಮನೆಗೆ ಕಳಿಸುವ ಹಾಗಿಲ್ಲ. 1960ರ ಕೇರಳ ಅಂಗಡಿ ಕಾಯ್ದೆಯ ಪ್ರಕಾರ ಆರು ತಿಂಗಳು ಸತತ ಕೆಲಸ ಮಾಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸು ಅಥವಾ ಅಷ್ಟು ಸಂಬಳ ಕೊಡಬೇಕು. ಅಂಗನವಾಡಿ ಮೂಲಕ ಮೊದಲ ಮಗುವಿಗೆ ಬರುವ 5,000 ರೂಪಾಯಿ ಮಾತೃವಂದನಾ ಯೋಜನೆಯದ್ದು, ಸರ್ಕಾರದ ಹಣ. "ಅದು ಬಂತಲ್ವಾ, ಇನ್ನೇನು" ಎಂದು ಮಾಲಕರು ಕೈ ತೊಳೆದುಕೊಳ್ಳಲು ಬಿಡಬೇಡಿ.

ಇನ್ನೊಂದು. ರಜೆಯ ನೋಟಿಸನ್ನು ನೀವೇ ಬರೆದು ಕೊಡಿ, ಯಾವತ್ತಿನಿಂದ ರಜೆ ಎಂದು ತಾರೀಕು ಹಾಕಿ. ಕೆಲಸದಿಂದ ತೆಗೆದರೆ, ವಿಷಯ ತಿಳಿಸಿದ 60 ದಿನದೊಳಗೆ ಮೇಲ್ಮನವಿ ಹೋಗಬೇಕು. ಬಾಣಂತನ ಮುಗಿಯಲಿ, ಆಮೇಲೆ ನೋಡುವ ಎಂದು ಕೂತರೆ ಅಷ್ಟು ದಿನ ಸುಮ್ನೆ ಕಳೆದುಹೋಗುತ್ತದೆ. ನೀವು ಸಹಿ ಹಾಕಿ ಕೊಡಿ, ಕಚೇರಿಗೆ ಗಂಡನನ್ನೋ ಅಣ್ಣನನ್ನೋ ಓಡಿಸಿ.