ರಾಯಚೂರು ಬ್ಯಾಸಗಿಗೆ ಫ್ಲಿಪ್ ಛಲೋನೋ, ಕ್ರೀ ಛಲೋನೋ?

ರಾಯಚೂರಾಗ ಒಂದು ಸಣ್ಣ ಲ್ಯಾಬ್‌ನಾಗ ಕೆಲಸ ನಂದು. ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಜೀನ್ ತೆಗದು ಆ ಜಾಗದಾಗ ಕ್ಯಾನಮೈಸಿನ್ ಅನ್ನೋ ಔಷಧ ತಡಕೊಳ್ಳೋ ಜೀನ್ ಕೂಡ್ಸಿದ್ವಿ, ಆಮೇಲೆ ಅದನ್ನೂ ತೆಗೀಬೇಕಲ್ರೀ, ಅದಕ್ಕ ಎರಡು ಎನ್‌ಜೈಮ್ ಹಚ್ಚಿ ನೋಡೀನಿ.

ಮೊದಲು ಫ್ಲಿಪ್. ಯೀಸ್ಟ್‌ನ 2 ಮೈಕ್ರಾನ್ ಅನ್ನೋ ಪ್ಲಾಸ್ಮಿಡ್‌ನಿಂದ (ಪ್ಲಾಸ್ಮಿಡ್ ಅಂದ್ರ ಬ್ಯಾರೇನೇ ಇರೋ ಸಣ್ಣ ದುಂಡು ಡಿಎನ್‌ಎ) ಬಂದದ್ದು, ಎಫ್‌ಆರ್‌ಟಿ ಅನ್ನೋ ಗುರುತು ಎರಡೂ ಕಡೆ ಇದ್ರ ನಡುವಿಂದು ಕತ್ತರಿಸಿ ತುದಿ ಕೂಡಿಸಿಬಿಡ್ತದ. ಎಲ್ರೂ ಬಳಸೋ ಪಿಸಿಪಿ20 ಪ್ಲಾಸ್ಮಿಡ್‌ನಾಗ ಅದು ಸಿಗ್ತದ, ಆದ್ರ ಆ ಪ್ಲಾಸ್ಮಿಡ್ 30 ಡಿಗ್ರಿಗೆ ಅಷ್ಟೇ ಉಳೀತದ, ಬಿಸಿ ಏರಿದ್ರ ಕಳಕೊಂತದ. ಏಪ್ರಿಲ್‌ದಾಗ ರಾಯಚೂರಿಗೆ 30 ಎಲ್ಲಿಂದ ತರೋದ್ರೀ! ನಮ್ಮ ಇನ್‌ಕ್ಯುಬೇಟರ್‌ಗೆ ಕಾಯ್ಸಾಕಷ್ಟೇ ಬರ್ತದ, ತಂಪು ಮಾಡಾಕ ಬರಂಗಿಲ್ಲ, ರೂಮೇ 38 ಇತ್ತು, ಎರಡು ಸಲ ಪ್ಲೇಟ್ ಖಾಲಿ. ಮೂರನೇ ಸಲ ಥರ್ಮೋಕೋಲ್ ಡಬ್ಬಿಯಾಗ ಐಸ್ ಪ್ಯಾಕ್ ಇಟ್ಟು ರಾತ್ರಿಯೆಲ್ಲಾ ಬದಲಿಸ್ತಾ ಕೂತೆ, ಬೆಳಗ್ಗೆ 6 ಕಾಲೊನಿ. ಮುಂದ 43ಕ್ಕ ಬೆಳೆಸಿ ಪ್ಲಾಸ್ಮಿಡ್ ಓಡ್ಸೋ ಸ್ಟೆಪ್ ಅದಲ್ಲ, ಅದಕ್ಕ ಮಾತ್ರ ನಮ್ಮೂರು ಹೇಳಿ ಮಾಡ್ಸಿದಂಗ ಅದ.

ಕ್ರೀ ಬ್ಯಾಕ್ಟೀರಿಯಾಕ್ಕ ಹತ್ತೋ ಪಿ1 ವೈರಸ್‌ಂದು. ಆ ವೈರಸ್ಸು ಬ್ಯಾಕ್ಟೀರಿಯಾದೊಳಗ ಪ್ಲಾಸ್ಮಿಡ್‌ನಂಗ ಕೂತಿರ್ತದ, ಎರಡು ಕಾಪಿ ಒಂದಕ್ಕೊಂದು ಅಂಟಿಕೊಂಡ್ರ ಒಂದು ಮರಿಗೆ ಸಿಗದೇ ಹೋಗ್ತದಂತ ಬಿಡಸ್ಲಿಕ್ಕೆ ಕ್ರೀ ಇಟ್ಕೊಂಡದ. 37ಕ್ಕೂ ಚುರುಕು, ಅರಾಬಿನೋಸ್ ಅನ್ನೋ ಸಕ್ಕರಿ ಹಾಕಿ ಆನ್ ಮಾಡಿದ್ವಿ.

ಆದ್ರ ತಪ್ಪು ನಂದೇ ಆತು. ಕ್ರೀ ಹಿಡಿಯೋ ಲಾಕ್ಸ್‌ಪಿ ಗುರುತು ಡಿಎನ್‌ಎದ 34 ಅಕ್ಷರ, ಎರಡು ಬದಿಗೆ 13-13 ಕನ್ನಡಿಯೊಳಗ ಕಂಡಂಗ, ನಡುವ 8. ದಿಕ್ಕು ಹೇಳೋದು ಆ 8 ಅಕ್ಷರಾನೇ, ಎರಡೂ ಒಂದೇ ಕಡೆ ಮುಖ ಮಾಡಿದ್ರ ನಡುವಿಂದು ಹೊರಗ, ಎದುರಾಬದುರಾ ಇದ್ರ ನಡುವಿಂದು ತಿರುಗಾಮುರುಗಾ ಆಗಿ ಅಲ್ಲೇ ಕೂಡ್ತದ. ನಾ ಒಂದು ಪ್ರೈಮರ್‌ನಾಗ (ಗುರುತು ಕೂಡ್ಸಾಕ ತರ್ಸೋ ಸಣ್ಣ ಡಿಎನ್‌ಎ ತುಂಡು) ಗುರುತು ಉಲ್ಟಾ ಬರೆದಿದ್ದೆ. ಡಿಎನ್‌ಎ ಉದ್ದ ತೋರ್ಸೋ ಜೆಲ್‌ನಾಗ ಬ್ಯಾಂಡ್ ಒಂಚೂರೂ ಇಳೀಲಿಲ್ಲ, ಕ್ಯಾನಮೈಸಿನ್ ಪ್ಲೇಟ್ ಮ್ಯಾಲೂ ಆರಾಮಾಗಿ ಬೆಳದ್ವು, ಎರಡು ವಾರ ಎನ್‌ಜೈಮ್‌ಗೇ ಬೈದೆ.

ಫೈಸಿ31 ಅಂತ ಇನ್ನೊಂದದ, ಅದನ್ನ ಒಂದೇ ಸಲ ಹಚ್ಚೀನಿ. ಫ್ಲಿಪ್, ಕ್ರೀ ಒಂದೊಂದೇ ಎಳೆ ಕತ್ತರಿಸಿ ಅದಲುಬದಲು ಮಾಡ್ತಾವ, ಇದು ನಾಲ್ಕೂ ಎಳೆ ಒಮ್ಮೆಗೇ ಕಡದು ತಿರುವಿ ಜೋಡಿಸ್ತದ, ಹೊಸ ಜೀನ್ ಒಳಗ ಸೇರಿಸಿದ್ರ ತಾನಾಗೇ ಹೊರಗ ಬಿಡಂಗಿಲ್ಲ. ಕೂಡ್ಸಾಕ ಛಲೋ, ನನಗ ಬೇಕಿದ್ದದ್ದು ತೆಗೆಯೋದು.

ಈಗ ಎರಡನೇ ಜೀನ್ ತೆಗೆಯೋ ಕೆಲಸ ನಡದದ, ಕ್ರೀನೇ ಹಚ್ಚೀನಿ. ತೆಗದ ಮ್ಯಾಲೂ ಒಂದು ಗುರುತು ಜೀನೋಮ್‌ನಾಗ ಉಳೀತದಲ್ಲ, ಮುಂದ ಹಾಕೋದರ ಜೋಡಿ ಸೇರಿ ನಡುವಿನ ಡಿಎನ್‌ಎ ನುಂಗಬಾರದಂತ ಈ ಸಲ ಲಾಕ್ಸ್‌ಪಿನೇ ಒಂಚೂರು ಬದಲಿಸಿದ ಲಾಕ್ಸ್66, ಲಾಕ್ಸ್71 ತಗೊಂಡೀನಿ, ಅವು ಕೂಡಿದ್ಮ್ಯಾಲೆ ಉಳಿಯೋ ಗುರುತನ್ನ ಕ್ರೀ ಅಷ್ಟಾಗಿ ಹಿಡಿಯಂಗಿಲ್ಲ. ಪ್ರೈಮರ್ ಆರ್ಡರ್ ಮಾಡೋ ಮೊದ್ಲು ಆ 8 ಅಕ್ಷರ ಮಾತ್ರ ಮೂರು ಸಲ ಬೆರಳಿಟ್ಟು ಓದೀನಿ.