ದುಡ್ಡು ನಮ್ಮದು, ಪ್ರಚಾರ ಎದುರಾಳಿಯದು: ಒಂದು ಎಲೆಕ್ಷನ್ ಪ್ಯಾಕೇಜಿನ ರಿವ್ಯೂ

ಐದಕ್ಕೆ ಒಂದೂವರೆ ಸ್ಟಾರ್. ಆ ಅರ್ಧ ಸ್ಟಾರ್ ಆಟೋ ಮೈಕಿಗೆ ದನಿ ಕೊಟ್ಟ ಹುಡುಗನಿಗೆ.

ಕಳೆದ ಪುರಸಭೆ ಚುನಾವಣೆಗೆ ನಮ್ಮ ಭಾವ ನಿಂತಿದ್ದರು. ಪಕ್ಷದ ಟಿಕೆಟ್ ಸಿಕ್ಕಿತ್ತು, ಪಕ್ಷದ ದುಡ್ಡು ಸಿಗಲಿಲ್ಲ. ಪ್ರಚಾರ ನನ್ನ ತಲೆಗೆ ಬಿತ್ತು. ನನ್ನದು ಹಾರ್ಡ್‌ವೇರ್ ಅಂಗಡಿ. ಪೈಪು, ನಲ್ಲಿ, ಪೇಂಟು ಅಂದರೆ ಗೊತ್ತು. ಪ್ರಚಾರ ಯಾರಿಗೆ ಗೊತ್ತು? ಬೆಂಗಳೂರಿನ ಒಂದು ಏಜೆನ್ಸಿ ಸಿಕ್ಕಿತು. 85,000 ರೂಪಾಯಿಗೆ ವಾಟ್ಸಾಪ್ ಪೋಸ್ಟರ್, ಕರಪತ್ರ, ಆಟೋ ಮೈಕಿಗೆ ರೆಕಾರ್ಡಿಂಗ್, ಮೂವತ್ತು ಸೆಕೆಂಡಿನ ಮೂರು ವಿಡಿಯೋ. 70,000 ಮುಂಗಡ, ಉಳಿದದ್ದು ಫಲಿತಾಂಶದ ನಂತರ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಕರಪತ್ರ ಚೆನ್ನಾಗಿತ್ತು. ಎದುರಾಳಿ ಹಿಂದಿನ ಅವಧಿಯಲ್ಲಿ ಅದೇ ವಾರ್ಡಿನ ಸದಸ್ಯರು. ಐದು ದಿನಕ್ಕೊಮ್ಮೆ ನೀರು. ಕರಪತ್ರದಲ್ಲಿ ಒಂದು ಖಾಲಿ ಕೊಡದ ಚಿತ್ರ, ಕೆಳಗೆ ನೀರು ಬಿಟ್ಟ ತಾರೀಖುಗಳು, ಅಷ್ಟೇ. ಜನ ಓದಿ ಹೌದಲ್ವಾ ಅಂದರು. ಅದೂ ಎದುರಾಳಿ ಮೇಲಿನ ಟೀಕೆಯೇ. ಯಾರಿಗೂ ಬೇಜಾರಾಗಲಿಲ್ಲ.

ಆಮೇಲೆ ಬಂತು ಮೂರನೇ ವಿಡಿಯೋ.

ನಮ್ಮ ಎದುರಾಳಿಗೆ ಹಿಟ್ಟಿನ ಗಿರಣಿ ಇದೆ. ಊರಿಗೆಲ್ಲ ಅವರು ಗಿರಣಿ ಅಣ್ಣ. ಚಿಕ್ಕಂದಿನಿಂದ ತೊದಲು. ಹಳೇ ಸಭೆಯೊಂದರಲ್ಲಿ ಅವರು ಮಾತಾಡಿದ್ದನ್ನು ಯಾರೋ ಫೋನಲ್ಲಿ ಹಿಡಿದಿದ್ದರು. ಏಜೆನ್ಸಿಯವರು ಅದರಲ್ಲಿ ತೊದಲಿದ ಜಾಗವನ್ನೇ ಕತ್ತರಿಸಿ, ನಾಲ್ಕು ಸಲ ಓಡಿಸಿ, ಹಿಂದೆ ಡೊಳ್ಳಿನ ಸದ್ದು ಸೇರಿಸಿದರು. ಕೊನೆಗೆ 'ಇವರು ಮಾತು ಮುಗಿಸುವಷ್ಟರಲ್ಲಿ ಐದು ವರ್ಷ ಮುಗೀತು' ಅಂತ ಬರಹ. ನಾನು ನೋಡಿ ನಕ್ಕೆ. ಸುಳ್ಳು ಯಾಕೆ ಹೇಳಲಿ, ಗಟ್ಟಿಯಾಗಿಯೇ ನಕ್ಕೆ. ಭಾವ ಮಾತ್ರ 'ಬೇಡ ಕಣೋ' ಅಂದರು. ಏಜೆನ್ಸಿ ಹುಡುಗ, 'ಸಾರ್, ಪೇಸಿಎಂ ಎಷ್ಟು ವೈರಲ್ ಆಯ್ತು ಗೊತ್ತಲ್ಲ, ಇದೂ ಅದೇ ಥರ' ಅಂದ. ವಿಡಿಯೋ ಹರಿಬಿಟ್ಟೆವು.

ಅಲ್ಲೇ ಅವನ ಲೆಕ್ಕ ತಪ್ಪಿದ್ದು. 2022ರ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಬೆಂಗಳೂರಲ್ಲಿ ಅಂಟಿಸಿದ ಆ ಪೇಸಿಎಂ ಪೋಸ್ಟರಿನಲ್ಲಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರ ಮುಖ ಇತ್ತು ನಿಜ. ಆದರೆ ಏಟು ಮುಖಕ್ಕಲ್ಲ, 40 ಪರ್ಸೆಂಟ್ ಕಮಿಷನ್ ಆರೋಪ ಹೊತ್ತ ಸರ್ಕಾರಕ್ಕೆ. ನಮ್ಮ ಖಾಲಿ ಕೊಡ ಆ ಜಾತಿಯದು. ತೊದಲಿನ ವಿಡಿಯೋ ಅಲ್ಲ.

ಮರುದಿನ ಬೆಳಿಗ್ಗೆ ಅಮ್ಮ ರಾಗಿ ಡಬ್ಬ ಕೊಟ್ಟು ನನ್ನನ್ನೇ ಗಿರಣಿಗೆ ಅಟ್ಟಿದರು. ಬೇಕಂತಲೇ ಅಂತ ಈಗ ಅನಿಸುತ್ತದೆ. ಎಂಟು ಹತ್ತು ಹೆಂಗಸರು ಸಾಲಲ್ಲಿದ್ದರು. ಒಂದು ಫೋನ್ ಕೈಯಿಂದ ಕೈಗೆ ಹೋಗುತ್ತಿತ್ತು. ಯಾರೂ ನಗುತ್ತಿರಲಿಲ್ಲ. ಗಿರಣಿ ಅಣ್ಣ ಬೆಲ್ಟ್ ನಿಲ್ಲಿಸಿ ಹೊರಗೆ ಬಂದರು. ರೆಪ್ಪೆ ಮೇಲೆಲ್ಲ ಹಿಟ್ಟು. ನನ್ನ ಕಡೆ ನೋಡಲಿಲ್ಲ. ಸಾಲಿನ ಕಡೆ ತಿರುಗಿ, ತಡೆದು ತಡೆದು ಹೇಳಿದರು: 'ನ... ನನ್ನ ಮಾತು ತಡ ಆಗುತ್ತೆ. ನಿಮ್ಮ ಹಿಟ್ಟು ಯಾವತ್ತಾದ್ರೂ ತಡ ಆಗಿದ್ಯಾ?'

ಆ ಮಾತು ಸಂಜೆಯೊಳಗೆ ಇಡೀ ವಾರ್ಡಿಗೆ ಹೋಯಿತು. ಅದಕ್ಕೆ ಯಾರೂ ಪ್ಯಾಕೇಜ್ ತಗೊಂಡಿರಲಿಲ್ಲ. ನೀರಿನ ಮಾತು ಅಲ್ಲಿಗೆ ನಿಂತಿತು. ಖಾಲಿ ಕೊಡ ಹಿಡಿದುಕೊಂಡು ಬೈಯುತ್ತಿದ್ದವರೇ 'ಪಾಪ, ಅವನನ್ನ ಹಿಂಗಾ ಆಡಿಕೊಳ್ಳೋದು' ಅನ್ನತೊಡಗಿದರು. ನಮ್ಮ ಪಕ್ಷದ ಇಬ್ಬರು ಕಾರ್ಯಕರ್ತರು ಮನೆ ಮನೆಗೆ ಬರಲು ಒಲ್ಲೆ ಅಂದರು. ಒಬ್ಬನ ಮಗನಿಗೂ ತೊದಲಂತೆ. ನನಗೆ ಗೊತ್ತಿರಲಿಲ್ಲ. ವಿಡಿಯೋ ತೆಗೆದುಹಾಕಿ ಅಂತ ಏಜೆನ್ಸಿಗೆ ಹೇಳಿದೆ. 'ಗ್ರೂಪುಗಳಿಗೆ ಹೋಗಾಗಿದೆ ಸಾರ್, ವಾಪಸ್ ಬರಲ್ಲ' ಅಂದರು. 212 ಓಟಿನಿಂದ ಸೋತೆವು.

ಸೋತ ಮೇಲೆ ನಿದ್ದೆ ಬಾರದೆ ಯೂಟ್ಯೂಬ್ ತಿರುವುತ್ತಿದ್ದಾಗ ಕೆನಡಾದ ಕತೆ ಸಿಕ್ಕಿತು. ಮೊದಲೇ ಸಿಕ್ಕಿದ್ದರೆ! 1993ರಲ್ಲಿ ಅಲ್ಲಿ ಆಳುತ್ತಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಟಿವಿಯಲ್ಲಿ ಒಂದು ಜಾಹೀರಾತು ಬಿಟ್ಟಿತು. ಲಿಬರಲ್ ನಾಯಕ ಝಾನ್ ಕ್ರೆಟಿಯನ್ ಅವರ ಮುಖದ ಹತ್ತಿರದ ಫೋಟೋಗಳು, ಇವರು ಪ್ರಧಾನಿ ಆಗಬೇಕಾ ಅನ್ನೋ ಥರದ ಮಾತು. ಆ ಮನುಷ್ಯನಿಗೆ ಚಿಕ್ಕಂದಿನಲ್ಲೇ ಮುಖದ ಒಂದು ಪಕ್ಕ ಸೊಟ್ಟಗಾಗಿತ್ತು. ಜನ ಸಿಟ್ಟಾದರು, ಆ ಪಕ್ಷದ ಅಭ್ಯರ್ಥಿಗಳೇ ಸಿಟ್ಟಾದರು. ಪ್ರಧಾನಿ ಕಿಮ್ ಕ್ಯಾಂಬೆಲ್ ಕೂಡಲೇ ಅದನ್ನು ನಿಲ್ಲಿಸಿದರು. ಕ್ರೆಟಿಯನ್ ಉತ್ತರ ನಮ್ಮ ಗಿರಣಿ ಅಣ್ಣನದೇ ಧಾಟಿ: ನಾನು ಬಾಯಿಯ ಒಂದೇ ಕಡೆಯಿಂದ ಮಾತಾಡುತ್ತೇನೆ ನಿಜ, ಅವರ ಹಾಗೆ ಎರಡೂ ಕಡೆಯಿಂದ ಆಡುವುದಿಲ್ಲ ಅಂದರಂತೆ. 1988ರಲ್ಲಿ 169 ಸೀಟು ಗೆದ್ದಿದ್ದ ಪಕ್ಷಕ್ಕೆ ಆ ಸಲ ಬಂದದ್ದು 2. ಕ್ಯಾಂಬೆಲ್ ತಮ್ಮ ಸೀಟನ್ನೂ ಕಳೆದುಕೊಂಡರು. ಎಲ್ಲ ಆ ಒಂದು ಜಾಹೀರಾತಿನಿಂದಲೇ ಅಂತ ಹೇಳಿದರೆ ತಪ್ಪಾಗುತ್ತದೆ. ಅವರು ಮೊದಲೇ ಮುಳುಗುತ್ತಿದ್ದರು, 1991ರಲ್ಲಿ ತಂದ ಜಿಎಸ್‌ಟಿ ಮೇಲೂ ಜನಕ್ಕೆ ಸಿಟ್ಟಿತ್ತು. (ಹೌದು, ಅಲ್ಲೂ ಜಿಎಸ್‌ಟಿ.) ಆದರೆ ಮುಳುಗುವವನ ಕಾಲಿಗೆ ಕಲ್ಲು ಕಟ್ಟಿದ್ದು ಅವರದೇ ಪ್ರಚಾರದವರು.

ಅಷ್ಟು ದೂರ ಯಾಕೆ, 2015ರ ದಿಲ್ಲಿ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿಯ ಪತ್ರಿಕಾ ಜಾಹೀರಾತೊಂದರಲ್ಲಿ 'ಉಪದ್ರವಿ ಗೋತ್ರ' ಅನ್ನೋ ಮಾತು ಬಂತು. ಕೇಜ್ರಿವಾಲ್ ಅದನ್ನು ತಮ್ಮ ಸಮುದಾಯಕ್ಕೇ ಬೈದದ್ದು ಅಂತ ಊರೆಲ್ಲ ಸಾರಿದರು. 70ರಲ್ಲಿ 67 ಸೀಟು ಅವರ ಪಾಲಾಯಿತು.

ಇದೆಲ್ಲ ಏಜೆನ್ಸಿಗೆ ಗೊತ್ತಿರಬೇಕಿತ್ತು, ಅದೇ ಅವರ ಕಸುಬು. ಸೋತ ಮೂರನೇ ದಿನಕ್ಕೆ ಅವರಿಂದ ರಿಪೋರ್ಟ್ ಬಂತು. ಬಣ್ಣ ಬಣ್ಣದ ಪಟ್ಟಿ. ಮೂರನೇ ವಿಡಿಯೋ 'ಅತಿ ಹೆಚ್ಚು ಜನ ನೋಡಿದ್ದು' ಅಂತ ಹಸಿರಲ್ಲಿ ಬರೆದಿದ್ದರು. ಅದೇನೋ ನಿಜ. ಇಡೀ ವಾರ್ಡೇ ನೋಡಿತ್ತು.

ಜೊತೆಗೆ ಬಾಕಿ 15,000ಕ್ಕೆ ಬಿಲ್. ಫೋನ್ ಮಾಡಿ, 'ಗಿರಣಿಯವರ ನಂಬರ್ ಕೊಡ್ತೀನಿ, ಅವರ ಹತ್ರ ಇಸ್ಕೊಳ್ಳಿ, ಪ್ರಚಾರ ಆಗಿದ್ದು ಅವರಿಗೆ ತಾನೇ' ಅಂದೆ. ಫೋನ್ ಇಟ್ಟುಬಿಟ್ಟರು.